ನುಗ್ಗೆಮರದ ಬುಡದ ಚಿಪ್ಪು

೧೯೬೨ನೇ ಇಸವಿ ಮಾರ್ಚ್ ೧೧, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಜಯನಗರದ ನಮ್ಮ ಮನೆಯ ಹಿತ್ತಲು ಗುಡಿಸುತ್ತಿದ್ದ ಸೊಣ್ಣಮ್ಮ ಪೊರಕೆ ನಿಲ್ಲಿಸಿ, "ಅಮ್ಮಾವ್ರೇ, ಇಲ್ಲಿ ಬನ್ನಿ" ಎಂದು ಕೂಗಿದಳು. ನುಗ್ಗೆಮರದ ಬುಡದಲ್ಲಿ, ತರಗೆಲೆಯ ಕೆಳಗೆ, ಮೊಟ್ಟೆಯ ಚಿಪ್ಪುಗಳಿದ್ದವು.

ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವಳ ತಂಗಿ, ನಮ್ಮ ಅಲಮೇಲು ಚಿಕ್ಕಮ್ಮ, ಹಿಂದೆಯೇ ಬಂದಳು.

"ನಾನು ಹೇಳ್ಲಿಲ್ವೇನೆ ಅಕ್ಕ? ಆ ಕೇಕು ಹೂವಿನ ಹಾಗೆ ಉಬ್ಬಿರೋದು ಸುಮ್ನೇನಾ?"

ಕೇಕು ಮಾಡಿದವಳು ಹಿಲ್ಡಾ, ನನ್ನ ತಮ್ಮ ಶಾಮಣ್ಣನ ಹೆಂಡತಿ. ಜರ್ಮನಿಗೆ ಎಂಜಿನಿಯರಿಂಗ್ ಓದಲು ಹೋಗಿದ್ದ ಶಾಮಣ್ಣ ಅವಳನ್ನು ಮದುವೆಯಾಗಿ ಕರೆತಂದಿದ್ದ. ಅಂದು ಅವರ ಏಳು ತಿಂಗಳ ಮಗಳ ಅನ್ನಪ್ರಾಶನ. ಹಿಲ್ಡಾ ಕೇಳಿದ್ದು ಒಂದೇ: ಮಗುವಿಗೆ ಮೊದಲ ತುತ್ತನ್ನು ತನ್ನ ಕೈಯಿಂದಲೇ ತಿನ್ನಿಸಬೇಕು. ಅಮ್ಮ ಒಪ್ಪಿದ್ದಳು. ಅದಕ್ಕಾಗಿ ಹಿಲ್ಡಾ ಮಾಂಸ, ಮೊಟ್ಟೆ ಬಿಟ್ಟಿದ್ದಳು, ಮಡಿಸೀರೆ ಉಡಲು ಕಲಿತಿದ್ದಳು. ಅವಳ ಕಡೆಯ ಪದ್ಧತಿಯಂತೆ ಒಂದು ಕೇಕು, ಒಂದು ಮೇಣದಬತ್ತಿ ಇರಲಿ ಎಂದಾಗ ಅಮ್ಮ ಅದಕ್ಕೂ ಕಟ್ಟಳೆ ಹಾಕಿದ್ದಳು. ಕೇಕಿಗೆ ಮೊಟ್ಟೆ ಸೇರಬಾರದು, ಅದು ಅಡುಗೆಮನೆಯಲ್ಲಿ ಬೇಯಬಾರದು. ಬತ್ತಿ ಹಚ್ಚಬಹುದು, ಊದಿ ಆರಿಸಬಾರದು. ಶುಭಕಾರ್ಯದಲ್ಲಿ ದೀಪ ಆರಿಸುವುದುಂಟೆ? ಹಿಲ್ಡಾ ಎಲ್ಲಕ್ಕೂ ತಲೆಯಾಡಿಸಿದ್ದಳು.

ಹಿಂದಿನ ಸಂಜೆ ಅವಳು ಹಿತ್ತಲ ಶೆಡ್ಡಿನಲ್ಲಿ ಕೆಂಡದ ಮೇಲೆ ಪಾತ್ರೆಯಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಕೇಕು ಬೇಯಿಸುವುದನ್ನು ನಾನು ನಿಂತು ನೋಡಿದ್ದೆ. ಹಾಕಿದ್ದು ಮೊಸರು ಮತ್ತು ಅಡುಗೆ ಸೋಡ. ಮೊಸರಿನ ಹುಳಿಗೆ ಸೋಡ ಸೇರಿದರೆ ಅನಿಲ ಹೊರಡುತ್ತದೆ, ಹಿಟ್ಟು ಉಬ್ಬುತ್ತದೆ. ಇದನ್ನೇ ಹೇಳಿದೆ.

"ನಿನ್ನ ಪಾಠ ಬೇಡ ವೆಂಕಟೂ" ಎಂದಳು ಅಮ್ಮ. "ನೀನು ಕೆಮಿಸ್ಟ್ರಿ ಮೇಷ್ಟ್ರು, ಲ್ಯಾಬಿನ ಬೀಗದಕೈ ನಿನ್ನ ಹತ್ರಾನೇ ಇದೆ. ಒಂದು ಚೂರು ಕಾಲೇಜಿಗೆ ತಗೊಂಡ್ಹೋಗಿ ಮೊಟ್ಟೆ ಇದ್ಯೋ ಇಲ್ವೋ ನೋಡ್ಕೊಂಡು ಬಾ. ಹತ್ತೂವರೆಗೆ ಮುಹೂರ್ತ."

"ಪರೀಕ್ಷೆ ತೋರ್ಸೋದು ಪ್ರೋಟೀನು ಇದೆ ಅಂತ ಅಷ್ಟೆ, ಮೊಸರು, ಗೋಧಿ ಇದ್ರೂ ಅದೇ ಬಣ್ಣ ಬರತ್ತಮ್ಮ. ಹಿಲ್ಡಾನ ಕೇಳು, ಸಾಕು."

"ಕಳ್ಳನ್ನ ಕೇಳಿ ಬೀಗ ಹಾಕ್ತಾರೇನೋ?" ಎಂದಳು ಚಿಕ್ಕಮ್ಮ.

ಹಿಲ್ಡಾ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನು ಹಾಕಿಲ್ಲ ಅಮ್ಮ" ಎಂದು ಹೇಳಿ ಶಾಮಣ್ಣನ ಕಡೆ ನೋಡಿದಳು. ಅವನು ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಳ್ಳುತ್ತಿದ್ದ.

ನಾನು ಬಗ್ಗಿ ಒಂದು ಚಿಪ್ಪನ್ನು ಎತ್ತಿಕೊಂಡೆ. ಒಳಗೆ ಗಟ್ಟಿಯಾದ ಬಿಳಿ ಲೋಳೆಯ ಚೂರು ಅಂಟಿತ್ತು. ಅದರ ಮೇಲೆ ಇರುವೆ. ಕೇಕಿಗೆ ಹಾಕುವುದು ಹಸಿ ಮೊಟ್ಟೆ. ಇದು ಬೇಯಿಸಿ ಸುಲಿದದ್ದು. ಆಗ ನೆನಪಾಯಿತು: ಕೆಲವು ವಾರಗಳಿಂದ ಶಾಮಣ್ಣನ ಕೋಣೆಗೆ ಹೋಗುವ ಮಹಡಿಯ ಮೆಟ್ಟಿಲಲ್ಲಿ ಬೆಳಿಗ್ಗೆ ಕೊಳೆತ ಗಂಧಕದಂಥ ವಾಸನೆ. ನನ್ನ ಅಂಗಿಗೇ ಹತ್ತಿದ ಲ್ಯಾಬಿನ ನಾತ ಎಂದುಕೊಂಡು ಎರಡೆರಡು ಸಲ ಅಂಗಿ ಒಗೆಸಿದ್ದೆ. ಬೆಂದ ಮೊಟ್ಟೆಗೂ ಅದೇ ನಾತ.

ಮಹಡಿಗೆ ಹೋಗಿ, ಶಾಮಣ್ಣ ಗಡ್ಡಕ್ಕೆ ನೀರು ಕಾಯಿಸುವ ಕೆಟಲ್ಲಿನ ಮುಚ್ಚಳ ತೆಗೆದೆ. ತಳದಲ್ಲಿ ಸೋಪಿನ ಜಿಡ್ಡಿನ ಜೊತೆ ಒಡೆದ ಮೊಟ್ಟೆಯ ಬಿಳಿ ನೂಲು ಕದಡಿಕೊಂಡಿತ್ತು. ಅದನ್ನು ಕೆಳಗೆ ತಂದು ಎಲ್ಲರ ಮುಂದೆ ಇಟ್ಟೆ.

"ಶಾಮೂ, ಇದರಲ್ಲಿ ಬರೀ ಗಡ್ಡದ ನೀರು ಕಾಯ್ಸ್ತೀಯಾ?"

ಅವನು ಕೆಟಲ್ಲಿನ ಮುಚ್ಚಳ ಮುಚ್ಚಿದ. "ಜರ್ಮನೀಲಿ ಅಭ್ಯಾಸ ಆಗ್ಹೋಯ್ತು ಅಣ್ಣ."

"ನಿನಗೆ ಗೊತ್ತಿತ್ತಾ?" ಎಂದು ಹಿಲ್ಡಾಳನ್ನು ಕೇಳಿದೆ.

"ಗೊತ್ತಿತ್ತು ಭಾವ. ಅವರೇ ಹೇಳ್ತಾರೆ ಅಂತ ಕಾದೆ."

ವಿಷಯ ಇತ್ಯರ್ಥವಾಯಿತು ಎಂದೇ ನಾನು ತಿಳಿದೆ. ಅಮ್ಮ ಕೆಟಲ್ಲನ್ನು ನೋಡಿದಳು, ಮಗನನ್ನು ನೋಡಿದಳು. "ಗಂಡಸು, ನಾಲ್ಕು ಕಡೆ ತಿರುಗೋನು. ಹೋಗು, ತಲೆಗೆ ನೀರು ಹಾಕ್ಕೊಂಡು ಜನಿವಾರ ಬದಲಾಯಿಸ್ಕೋ."

"ಹಿಲ್ಡಾ?" ಎಂದೆ.

"ಅವಳು ಇವತ್ತು ಒಳಗೆ ಬರೋದು ಬೇಡ. ಗೊತ್ತಿದ್ದೂ ಮುಚ್ಚಿಟ್ಟಳಲ್ಲ."

"ಅಲ್ದೆ, ಬದಲಾಯಿಸ್ಕೊಳ್ಳೋಕೆ ಅವಳಿಗೆ ಜನಿವಾರ ಎಲ್ಲಿದೆ?" ಚಿಕ್ಕಮ್ಮ ತನ್ನ ಮಾತಿಗೆ ತಾನೇ ನಕ್ಕಳು.

"ಶಾಮೂ, ಬಾಯಿ ಬಿಡೋ" ಎಂದೆ.

"ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊ ಹಿಲ್ಡಾ" ಎಂದು ಹೇಳಿ, ಮಗುವನ್ನು ಅವಳ ಕಂಕುಳಿಂದ ಬಿಡಿಸಿ ಅಮ್ಮನ ಕೈಗೆ ಕೊಟ್ಟು, ಅವನು ಬಚ್ಚಲಿಗೆ ಹೋದ.

ಹತ್ತೂವರೆಗೆ ಶಾಮಣ್ಣ ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದ. ಒದ್ದೆ ತಲೆ, ಎದೆಯ ಮೇಲೆ ಹೊಸ ಜನಿವಾರ. ಪುರೋಹಿತರು ಮಂತ್ರ ಹೇಳಿದರು. ಬೆಳಿಗ್ಗೆ ಮೊಟ್ಟೆ ಸುಲಿದ ಅದೇ ಬೆರಳುಗಳಿಂದ ಅವನು ಮಗುವಿನ ಬಾಯಿಗೆ ಪಾಯಸದ ಅನ್ನವಿಟ್ಟ. ಮಗು ಅದನ್ನು ಉಗಿದು, ಹಿತ್ತಲ ಬಾಗಿಲ ಕಡೆ ಎರಡೂ ಕೈ ಚಾಚಿತು. ಅಲ್ಲಿ ಹೊಸಿಲಿನಾಚೆ ಅದರ ತಾಯಿ ನಿಂತಿದ್ದಳು. ಶಾಮಣ್ಣ ಮಗುವಿನ ಗಲ್ಲ ಹಿಡಿದು ಮುಖವನ್ನು ಇತ್ತ ತಿರುಗಿಸಿದ. ಇನ್ನೊಂದು ತುತ್ತಿಟ್ಟ. ನಾನು ಎದ್ದು ಹೊರಗೆ ಹೋಗಿ ಹಿಲ್ಡಾಳ ಪಕ್ಕದಲ್ಲಿ ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ.

ಊಟಕ್ಕೆ ನಾನು ಕೂರಲಿಲ್ಲ. ಎಲೆ ಎತ್ತಿದ ಮೇಲೆ ಶೆಡ್ಡಿನ ಕಡೆ ಹೋದರೆ ಚಿಕ್ಕಮ್ಮ ಅಲ್ಲಿ ಕುಕ್ಕರಗಾಲಲ್ಲಿ ಕೂತು ಕೇಕು ಮುರಿದು ತಿನ್ನುತ್ತಿದ್ದಳು. ಹಚ್ಚದ ಮೇಣದಬತ್ತಿಯನ್ನು ಕಿತ್ತು ಬೂದಿಯಲ್ಲಿ ಎಸೆದಿದ್ದಳು. ತುಟಿಯ ಸುತ್ತ ಹುಡಿ.

"ಮೊಟ್ಟೆ ಇಲ್ಲ ಅಂತ ನೀನೇ ಹೇಳಿದ್ಯಲ್ಲೋ. ದಂಡ ಯಾಕೆ ಮಾಡ್ಬೇಕು?" ಬೆರಳು ನೆಕ್ಕಿದಳು. "ಚೆನ್ನಾಗೇ ಮಾಡಿದಾಳೆ."

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಡುಮನೆಗೆ ಬಂದೆ. ಮಣೆ ಹಾಕಿದಲ್ಲೇ ಇತ್ತು, ರಂಗೋಲಿಯ ಮೇಲೆ ಮಗು ಉಗಿದ ಅನ್ನ ಒಣಗಿತ್ತು. ಹೊಲಿಗೆ ಪೆಟ್ಟಿಗೆಯಿಂದ ಟೇಪು ತಂದು, ಹಿಲ್ಡಾ ನಿಂತಿದ್ದ ಹೊಸಿಲಿನಿಂದ ಮಣೆಯವರೆಗೆ ಅಳೆದೆ. ಹನ್ನೊಂದು ಅಡಿ ನಾಲ್ಕು ಅಂಗುಲ.