ಗೋದಾಬಾಯಿಯವರ ಎಡಗೆನ್ನೆ

ಅತ್ತೆ ಸೊಸೆ ಜಗಳವಾಡಲು ಕಾರಣವೇ ಬೇಕಿಲ್ಲ ಎನ್ನುವವರಿದ್ದಾರೆ. ಅದು ಸುಳ್ಳು. ಮದ್ರಾಸಿನ ಪಕ್ಕದ ಪಲ್ಲಾವರಂನ ಗೋದಾಬಾಯಿಯವರ ಮನೆಯ ಜಗಳಕ್ಕೆ ಎಲ್ಲರೂ ಒಪ್ಪುವಂಥ ಕಾರಣವೇ ಇತ್ತು. ಸಾರಿನ ಖಾರ.

ಸುಮತಿ ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತವರು ನಂಜನಗೂಡು. ಗಂಡ ಪಂಢರಿನಾಥ ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಎಲೆಕ್ಟ್ರಿಕ್ ರೈಲು ಹತ್ತಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಮಾವ ಹರಿದಾಸರಾಯರು ರೈಲ್ವೆ ಗಾರ್ಡು, ವಾರದಲ್ಲಿ ಅರ್ಧ ಭಾಗ ರೈಲಿನ ಬಾಲದಲ್ಲೇ ಇರುವವರು. ಹೀಗಾಗಿ ಹಗಲೆಲ್ಲ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ, ನಡುವೆ ಸಾರಿನ ಪಾತ್ರೆ.

“ಏನವಾ, ಖಾರದ ಡಬ್ಬಿನ ಬೋರಲು ಹಾಕಿಯೇನು? ಬಾಯಿಗೆ ಕೊಳ್ಳಿ ಇಟ್ಟಂಗ ಆಗ್ತದ.”

“ಇಲ್ಲ ಅತ್ತೆ, ಇವತ್ತು ಅರ್ಧ ಚಮಚಾನೂ ಹಾಕಿಲ್ಲ.”

“ಹಂಗಾದ್ರ ನಾ ಸುಳ್ಳು ಹೇಳ್ತೀನೇನು?”

ಸುಮತಿ ಖಾರ ಕಡಿಮೆ ಮಾಡಿದಳು. ಆಮೇಲೆ ಇನ್ನೂ ಕಡಿಮೆ ಮಾಡಿದಳು. ಕೊನೆಗೆ ಗಂಡ ತಟ್ಟೆಯ ಮುಂದೆ ಕೂತು, “ಇದು ಸಾರೋ, ಬೇಳೆ ತೊಳೆದ ನೀರೋ?” ಎಂದು ಕೇಳುವ ಹಾಗಾಯಿತು. ಅತ್ತೆ ಮಾತ್ರ ಅದೇ ಸಾರು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡರು. ಅತ್ತ ದರಿ, ಇತ್ತ ಪುಲಿ.

ಸುಮತಿಗೆ ಅರ್ಥವಾಗದೇ ಇದ್ದದ್ದು ಒಂದೇ. ಗೋದಾಬಾಯಿ ರಾಯಚೂರಿನ ಹೆಣ್ಣುಮಗಳು. ಜೋಳದ ರೊಟ್ಟಿಯ ಜೊತೆ ಹಸಿಮೆಣಸಿನಕಾಯಿಯನ್ನು ಕಡಿದುಕೊಂಡು ತಿಂದು ಬೆಳೆದವರು. ಮದುವೆಯ ಊಟದಲ್ಲಿ “ನಿಮ್ಮೂರಾಗ ಮೆಣಸಿನಕಾಯಿ ಬೆಳೆಯೂದಿಲ್ಲೇನು?” ಎಂದು ಬೀಗರನ್ನು ಗೇಲಿ ಮಾಡಿದ್ದವರು. ಅಂಥವರಿಗೆ ಈಗ ನಂಜನಗೂಡಿನ ಸಪ್ಪೆ ಸಾರು ಉರಿಯುವುದೆಂದರೇನು?

ಗೋದಾಬಾಯಿ ಬರೀ ಮೊಸರನ್ನಕ್ಕೆ ಇಳಿದರು. ಮೈ ಇಳಿಯಿತು, ಬಳೆಗಳು ಮೊಣಕೈ ತನಕ ಜಾರತೊಡಗಿದವು. ಪಕ್ಕದ ಮನೆಯ ಅಂಬುಜಮ್ಮನ ಹತ್ತಿರ, “ಸೊಸಿ ಬಂದ್ಲು, ನನ್ನ ಊಟ ಹೋತು” ಎಂದರು. ಆ ಮಾತು ಗೋಡೆ ದಾಟಿ ಬೀದಿಗೆ ಹೋಯಿತು. ಒಂದು ದಿನ ಮಗನ ಎದುರಿಗೇ ಹೇಳಿಬಿಟ್ಟರು:

“ಆಷಾಢ ಮುಗೀಲಿ. ನಾ ಹುಬ್ಬಳ್ಳಿಗೆ ಮಗಳ ಮನಿಗೆ ಹೋಗ್ತೀನಿ. ಅಲ್ಲೇ ಇದ್ದುಬಿಡ್ತೀನಿ.”

ಪಂಢರಿನಾಥ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಗಂಡಸರಿಗೆ ಅದೊಂದು ಅನುಕೂಲ. ಸುಮತಿ ಒಳಗೆ ಹೋಗಿ ಒಲೆಯ ಮುಂದೆ ಅತ್ತಳು. ತನ್ನ ಕೈ ಅಡಿಗೆ ಉಣ್ಣಲಾರದೆ ಅತ್ತೆ ಮನೆ ಬಿಟ್ಟರು ಎಂದರೆ ತವರಿಗೆ ಯಾವ ಮುಖ ತೋರಿಸುವುದು?

ಆ ವಾರವೇ ವಿಮಲಾ ಎಂಬಾಕೆ ಬಾಗಿಲಿಗೆ ಬಂದಳು. ಕ್ಯಾನ್ಸರ್ ಆಸ್ಪತ್ರೆಯೊಂದರ ಡಾಕ್ಟರುಗಳು ತಂಬಾಕಿನ ಅಭ್ಯಾಸದ ಬಗ್ಗೆ ಬೀದಿಬೀದಿಯಲ್ಲಿ ಸಮೀಕ್ಷೆ ನಡೆಸುತ್ತಿದ್ದರು. ಮನೆಮನೆಗೆ ಹೋಗಿ ಕೇಳುವ ಕೆಲಸ ಆಕೆಯದು. ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಮಾತಿನಲ್ಲಿ ಕನ್ನಡ ಎಷ್ಟೋ ತಮಿಳೂ ಅಷ್ಟೇ.

“ವಣಕ್ಕಂ ಮಾ. ಓ, ಕನ್ನಡದೋರಾ? ನಲ್ಲದಾಪೋಚ್ಚು, ಒಳ್ಳೇದೇ ಆಯ್ತು! ನಿಮ್ಮನೇಲಿ ಯಾರಿಗಾದ್ರೂ ತಂಬಾಕಿನ ಪಳಕ್ಕ ಇದೆಯಾ?”

“ಛೆ ಛೆ, ಆ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ,” ಎಂದಳು ಸುಮತಿ. “ನಮ್ಮೆಜಮಾನರಂತೂ ಪಕ್ಕದೋರು ಸಿಗರೇಟು ಹಚ್ಚಿದ್ರೆ ರೈಲಲ್ಲಿ ಡಬ್ಬೀನೇ ಬದಲಾಯಿಸ್ತಾರೆ.”

ಆಕೆ ಸುಳ್ಳು ಹೇಳಲಿಲ್ಲ. ಹೊಗೆ ಬಂದರೆ ತಂಬಾಕು, ಇಲ್ಲದಿದ್ದರೆ ಅಲ್ಲ ಎಂದೇ ಆ ಮನೆಯವರೆಲ್ಲ ತಿಳಿದಿದ್ದರು. ವಿಮಲಾ ‘ಇಲ್ಲ’ ಎಂದು ಬರೆದುಕೊಂಡು ಎದ್ದಳು. ಆಗ ಒಳಗಿನಿಂದ ಗೋದಾಬಾಯಿ ಕೂಗಿದರು:

“ಸುಮತಿ, ಮನಿಗೆ ಬಂದ ಮುತ್ತೈದಿ ಹಂಗ ಹೋಗಬಾರದು. ಕುಂಕುಮ ಕೊಡು, ಎಲಿ ಅಡಿಕಿ ಕೊಡು.”

ಸುಮತಿ ತಟ್ಟೆ ತಂದಳು. ಗೋದಾಬಾಯಿಯೂ ಬಂದು ಕೂತು, ಸೊಂಟದಿಂದ ಎಲೆ ಅಡಿಕೆಯ ಚಂಚಿ ತೆಗೆದು ಬಿಚ್ಚಿದರು. ಶುಕ್ರವಾರದ ಸಂತೆಯಿಂದ ತಂದ ಘಮಘಮಿಸುವ ತಂಬಾಕು ಅದರ ಒಳಪದರದಲ್ಲಿತ್ತು. ಒಂದು ಚಿಟಿಕೆ ತಾವು ಎಡಗೆನ್ನೆಗೆ ಒತ್ತರಿಸಿಕೊಂಡು, ಇನ್ನೊಂದು ಚಿಟಿಕೆ ಅತಿಥಿಯ ಮುಂದೆ ಹಿಡಿದರು.

“ಒಂದೀಟು ಹಾಕ್ಕೋವಾ. ಉಂಡದ್ದು ಕರಗ್ತದ.”

ಎದ್ದಿದ್ದ ವಿಮಲಾ ಮತ್ತೆ ಕೂತಳು.

“ಅಮ್ಮಾ, ಇದೂ ಪೊಗೆಲೆ ದಾನೇ? ಸೇದಿದ್ರೂ ತಂಬಾಕೇ, ಅಗಿದ್ರೂ ತಂಬಾಕೇ. ಎಷ್ಟು ಕಾಲದಿಂದ ಹಾಕ್ತೀರಿ?”

“ಮದುವಿ ಆದ ವರ್ಷ ಹಲ್ಲುನೋವು ಬಂತು, ನಮ್ಮತ್ತಿ ಕೊಟ್ಟರು. ಅಂದಿನಿಂದ ನಡದದ. ಎಲಿ ಅಡಿಕಿ ಇದು, ಬೀಡಿ ಅಲ್ಲ.”

“ಊಟ ಚೆನ್ನಾಗಿ ಸೇರತ್ತಾ ಮಾ?”

ಗೋದಾಬಾಯಿ ಸೊಸೆಯ ಕಡೆ ನೋಡಿದರು. ಸುಮತಿಗೆ ತಡೆಯಲಾಗಲಿಲ್ಲ. “ಏನು ತಿಂದ್ರೂ ಬಾಯಿ ಉರಿ ಅಂತಾರೆ. ನಾನು ಖಾರ ಹಾಕೋದನ್ನೇ ಬಿಟ್ಟಿದ್ದೀನಿ.”

ವಿಮಲಾಳ ಮುಖ ಗಂಭೀರವಾಯಿತು. ಆಕೆ ಬಿಡಿಸಿ ಹೇಳಿದಳು. ತಂಬಾಕಿನ ರಸ ಗಂಟೆಗಟ್ಟಲೆ ಕೆನ್ನೆಯ ಒಳಚರ್ಮಕ್ಕೆ ತಾಗಿದ್ದರೆ ಅಲ್ಲಿ ಬಿಳಿ ಮಚ್ಚೆ ಏಳಬಹುದು. ಆಗ ಖಾರ ತಡೆಯುವುದಿಲ್ಲ. ಕೆಲವರಲ್ಲಿ ಆ ಮಚ್ಚೆಯೇ ಮುಂದೆ ಹುಣ್ಣಾಗಿ, ಗಡ್ಡೆಯಾಗಿ, ಕ್ಯಾನ್ಸರಿಗೆ ತಿರುಗುತ್ತದೆ. ನಮ್ಮ ದೇಶದಲ್ಲೇ ಡಾಕ್ಟರುಗಳು ಊರೂರಿಗೆ ಹೋಗಿ ಸಾವಿರಾರು ಜನರ ಬಾಯಿ ನೋಡಿ ಇದನ್ನು ಕಂಡುಕೊಂಡಿದ್ದಾರೆ. ತಂಬಾಕು ಬಿಟ್ಟವರಲ್ಲಿ ಎಷ್ಟೋ ಜನರ ಮಚ್ಚೆ ಮಾಯವಾದದ್ದನ್ನೂ ಕಂಡಿದ್ದಾರೆ.

“ನಮ್ಮಜ್ಜಿ ಸಾಯೂತನಕಾ ತಂಬಾಕು ತಿಂದಳು. ಗಟ್ಟಿ ಇದ್ದಳು,” ಎಂದರು ಗೋದಾಬಾಯಿ.

“ಟ್ರಂಕ್ ರೋಡ್ ನಡುವೆ ನಡೆಯೋರೆಲ್ಲಾ ಲಾರಿಗೆ ಸಿಕ್ಕೋದಿಲ್ಲ ಮಾ. ಅದಕ್ಕೆ ನಡುರೋಡಲ್ಲಿ ನಡೀಬಹುದಾ?”

“ನನಗ ನೋವಿಲ್ಲ, ಹುಣ್ಣಿಲ್ಲ. ನೋವಿಲ್ಲದ ರೋಗ ಯಾವುದು?”

“ಇದೇ ಮಾ ಅದು. ಒಂದ್ಸಲ ಬಾಯಿ ತೆಗೀರಿ, ನೋಡ್ತೀನಿ.”

“ನಾ ಏನು ಸಂತಿಯೊಳಗಿನ ಎತ್ತೇನು, ಹಲ್ಲು ಹಿಡದು ನೋಡ್ಲಿಕ್ಕೆ? ಸೊಸಿ ಕೈಯಾಗಿನ ಖಾರಕ್ಕ ನನ್ನ ತಂಬಾಕಿನ ಮ್ಯಾಲೆ ಗೂಬಿ ಕೂಡಸಬ್ಯಾಡ್ರಿ!”

ಚಂಚಿ ಕಟ್ಟಿ ಅವರು ಒಳಗೆ ಹೋದರು. ವಿಮಲಾ ಬಾಗಿಲ ಹತ್ತಿರ ಸುಮತಿಗೆ ಮೆಲ್ಲಗೆ ಹೇಳಿದಳು: “ಭಾನುವಾರ ಇಲ್ಲಿ ಸ್ಕೂಲಲ್ಲಿ ಡಾಕ್ಟರ್ ಕೂತಿರ್ತಾರೆ. ಹೇಗಾದ್ರೂ ಕರ್ಕೊಂಡು ಬನ್ನಿ. ಕಾಸು ಕೊಡಬೇಕಾಗಿಲ್ಲ.”

ಹೇಗಾದರೂ ಎಂದರೆ ಹೇಗೆ? ಸೊಸೆ ಬಾಯಿ ಬಿಟ್ಟರೆ ಅತ್ತೆ ಬಾಯಿ ಮುಚ್ಚುತ್ತಾರೆ. ದಾರಿ ತೋರಿಸಿದವರು ಗೋದಾಬಾಯಿಯವರೇ.

ಶನಿವಾರ ಅವರು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ಬಂದರು. “ಸರಿ ಅತ್ತಾಗ. ಸಾರು ಹೆಂಗ ಮಾಡ್ತಾರ ನೋಡು.” ಬೇಳೆ ತಾವೇ ಬೇಯಿಸಿದರು. ಖಾರದ ಪುಡಿ ತಾವೇ ಹಾಕಿದರು, ಅದೂ ಎರಡೇ ಬೆರಳಲ್ಲಿ ಹಿಡಿದಷ್ಟು. ಮಗ, ಸೊಸೆ ಇಬ್ಬರನ್ನೂ ಕೂಡಿಸಿ ಬಡಿಸಿ ತಾವೂ ಕೂತರು. ಮೊದಲ ತುತ್ತು ಬಾಯಿಗಿಟ್ಟರು.

ಕೈ ಅಲ್ಲೇ ನಿಂತಿತು. ನುಂಗಲೂ ಆಗದೆ, ಉಗುಳಲೂ ಆಗದೆ ಕೂತರು. ಕಣ್ಣಲ್ಲಿ ನೀರು ತುಂಬಿತು.

“ಅವ್ವಾ, ಖಾರ ಇಲ್ಲವಲ್ಲ?” ಎಂದ ಪಂಢರಿನಾಥ.

ಗೋದಾಬಾಯಿ ತಟ್ಟೆ ಸರಿಸಿ ಎದ್ದು ಹೋದರು. ಗೆದ್ದೆನೆಂದು ಸುಮತಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಭಯವಾಯಿತು. ಹಿತ್ತಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ಅತ್ತೆಯ ಬಳಿಗೆ ಹೋಗಿ ನಿಂತಳು.

“ಅತ್ತೆ, ಅಡಿಗೆ ಮಾತು ಬಿಡಿ. ತಪ್ಪು ನಂದೇ ಅಂತ ಇಟ್ಕೊಳ್ಳಿ. ನಾಳೆ ಒಂದ್ಸಲ ಬನ್ನಿ. ನಂಗೆ ಹೆದರಿಕೆ ಆಗ್ತಿದೆ.”

ಗೋದಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ, “ನೀನೂ ಸಂಗಾಟ ಬಾ,” ಎಂದರು.

ಭಾನುವಾರ ಡಾಕ್ಟರು ಟಾರ್ಚು ಹಾಕಿ ನೋಡಿದರು. ಬಿಳಿ ಬಟ್ಟೆಯ ಚೂರಿನಿಂದ ಕೆನ್ನೆಯ ಒಳಗನ್ನು ಒರೆಸಿ ಮತ್ತೆ ನೋಡಿದರು. ಬಳಿಕ ಒಂದು ಸಣ್ಣ ಕನ್ನಡಿಯನ್ನು ಗೋದಾಬಾಯಿಯ ಕೈಗೇ ಕೊಟ್ಟು, ಮೊದಲು ಬಲಗೆನ್ನೆ ನೋಡಿಕೊಳ್ಳಿ ಎಂದರು. ಅಲ್ಲಿ ನಸುಗೆಂಪು ಚರ್ಮ, ನುಣ್ಣಗೆ ಇತ್ತು. ಈಗ ಎಡಗೆನ್ನೆ ಎಂದರು. ಅಲ್ಲಿ ಹಾಲಿನ ಕೆನೆ ಒಣಗಿ ಅಂಟಿದ ಹಾಗೆ ದಪ್ಪನೆಯ ಬಿಳಿ ಮಚ್ಚೆ. ಒರೆಸಿದರೂ ಅದು ಹೋಗಿರಲಿಲ್ಲ.

“ಪೊಗೆಲೆ ಯಾವ ಕಡೆ ಇಡ್ತೀರಿ ಮಾ?” ಎಂದಳು ಪಕ್ಕದಲ್ಲಿದ್ದ ವಿಮಲಾ.

ಗೋದಾಬಾಯಿಯ ಬೆರಳು ತಾನಾಗಿಯೇ ಎಡಗೆನ್ನೆಗೆ ಹೋಯಿತು. ಅವರೇ ಕನ್ನಡಿ ಕೆಳಗಿಟ್ಟು ಹೇಳಿದರು:

“ಸಾರು ಎರಡೂ ಕಡಿ ಹೋಗ್ತದ. ತಂಬಾಕು ಒಂದ ಕಡಿ.”

ಮನೆಗೆ ನಡೆದು ಬರುವಾಗ ಅವರು ಸುಮತಿಯ ಕೈ ಹಿಡಿದುಕೊಂಡಿದ್ದರು.

“ನಮ್ಮಕ್ಕ ಭೀಮಾಬಾಯಿ ಇದ್ದಳಲ್ಲ, ಅಕೀನೂ ತಂಬಾಕು ತಿಂತಿದ್ದಳು, ಹಿಂಗ ಖಾರ ವಲ್ಲೆ ಅಂತಿದ್ದಳು. ಉಷ್ಣ ಅಂದಿವಿ, ಮೆಂತ್ಯದ ಗಂಜಿ ಕುಡಿಸಿದಿವಿ. ನೋವು ಅನ್ನೂ ಹೊತ್ತಿಗೆ ಗದ್ದ ಬಾತಿತ್ತು. ಆಮ್ಯಾಲೆ ಗಂಜೀನೂ ಇಳೀಲಿಲ್ಲ. ನೋವು ಮರೀಲಿ ಅಂತ ಅಕಿ ಬಾಯಾಗ ತಂಬಾಕು ಇಟ್ಟಾಕಿ ನಾನ.” ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: “ನಿನ್ನ ಕೈಗೆ ಹೆಸರಿಟ್ಟೆ, ಸುಮತಿ. ಮನಸಿನಾಗ ಇಟ್ಕೋಬ್ಯಾಡ.”

ಸುಮತಿ ಅತ್ತೆಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ದೊಡ್ಡ ಆಸ್ಪತ್ರೆಯಲ್ಲಿ ಮಚ್ಚೆಯ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವ ತನಕ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಇನ್ನೂ ಕ್ಯಾನ್ಸರ್ ಆಗಿಲ್ಲ ಎಂದರು ಡಾಕ್ಟರು. ‘ಇನ್ನೂ’ ಎನ್ನುವುದನ್ನು ಒತ್ತಿ ಹೇಳಿದರು. ತಂಬಾಕನ್ನು ಇವತ್ತೇ ಬಿಡಬೇಕು, ಅಡಿಕೆಯೂ ಬಾಯಿಗೆ ಹಿತವಲ್ಲ, ಅದನ್ನೂ ಬಿಡಿ, ಕರೆದಾಗಲೆಲ್ಲ ಬಂದು ಬಾಯಿ ತೋರಿಸಿ ಎಂದರು.

ಬಿಡುವುದು ಸುಲಭವಾಗಿತ್ತೆಂದು ಹೇಳಿದರೆ ಅದು ಸುಳ್ಳು. ಗೋದಾಬಾಯಿ ಪಾತ್ರೆ ಕುಕ್ಕಿದರು, ಹಾಲಿನವನ ಮೇಲೆ ರೇಗಿದರು, ರೈಲಿನಿಂದ ಇಳಿದು ಬಂದ ಯಜಮಾನರನ್ನು ಕಾರಣವಿಲ್ಲದೆ ಬೈದರು. ಒಂದು ಸಲ ಅಂಬುಜಮ್ಮನ ಮನೆಯಲ್ಲಿ ಕದ್ದು ಹಾಕಿಕೊಂಡೂ ಬಂದರು. ವಾಸನೆ ಗೊತ್ತಾದರೂ ಸುಮತಿ ಬೈಯಲಿಲ್ಲ. ಸೋಂಪು, ಲವಂಗ ಮುಂದಿಟ್ಟು, “ನಾಳೆಯಿಂದ ಮತ್ತೆ ಬಿಡೋಣ ಅತ್ತೆ,” ಎಂದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ತಂಬಾಕು ಹುಟ್ಟುಗುಣವಲ್ಲ, ಕಲಿತದ್ದು. ಕಲಿತದ್ದನ್ನು ಬಿಡಬಹುದು. ಗೋದಾಬಾಯಿ ಬಿಟ್ಟರು. ತಿಂಗಳುಗಳು ಕಳೆದಂತೆ ಉರಿ ತಗ್ಗಿತು, ಮಚ್ಚೆ ತೆಳ್ಳಗಾಯಿತು. ಹುಬ್ಬಳ್ಳಿಯ ಮಾತು ಯಾರೂ ಎತ್ತಲಿಲ್ಲ.

ನವರಾತ್ರಿಗೆ ಅಂಬುಜಮ್ಮ ಕುಂಕುಮಕ್ಕೆ ಬಂದರು. ತಟ್ಟೆಯಲ್ಲಿ ಹೂವು, ಹಣ್ಣು, ಸೋಂಪು ಇದ್ದವು.

“ಇದೇನು ಗೋದಾಬಾಯಿ, ತಂಬಾಕೇ ಇಲ್ಲ?”

“ಈ ಮನ್ಯಾಗ ಇನ್ನ ಇಲ್ಲ. ಬರ್ರಿ ಇಲ್ಲೆ, ಬಾಯಿ ತೆಗೀರಿ.”

“ಅಯ್ಯೋ, ನಂಗೇನೂ ನೋವೇ ಇಲ್ಲವಲ್ರೀ!” ಎಂದು ಅಂಬುಜಮ್ಮ ನಕ್ಕರು.

ಗೋದಾಬಾಯಿ ನಗಲಿಲ್ಲ. ಗೆಳತಿಯ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಸುಮತಿ ಕನ್ನಡಿ ತರಲು ಒಳಗೆ ಓಡಿದಳು.

ಇದನ್ನು ಓದುತ್ತಿರುವ ತಾಯಂದಿರೇ, ಕೇಳುತ್ತಿರುವ ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಂದು ಕನ್ನಡಿ ಇದೆ. ಬೀಡಿಯಾಗಲಿ, ಸಿಗರೇಟಾಗಲಿ, ಎಲೆಯ ಜೊತೆಯ ಚಿಟಿಕೆಯಾಗಲಿ, ತಂಬಾಕು ತಂಬಾಕೇ. ಇವತ್ತೇ ಬಿಡಿ. ಬಿಡಲಾರದವರನ್ನು ಹಂಗಿಸಬೇಡಿ, ಜೊತೆಗೆ ನಿಲ್ಲಿ. ಬೆಳಕಿಗೆ ನಿಂತು ಎರಡೂ ಕೆನ್ನೆ, ನಾಲಿಗೆಯ ಅಡಿ, ತುಟಿಯ ಒಳಗು ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ತಡೆಯಲಾಗದ ಉರಿ ಇದ್ದರೆ ನೇರ ಡಾಕ್ಟರ ಹತ್ತಿರ ಹೋಗಿ. ನೋವು ಬರಲಿ, ಆಮೇಲೆ ನೋಡೋಣ ಎನ್ನಬೇಡಿ. ಈ ರೋಗದಲ್ಲಿ ನೋವು ಬರುವುದು ಎಲ್ಲಕ್ಕಿಂತ ಕೊನೆಗೆ.