ಹಳೇ ಅಳತೆಯ ಕೋಟು

"ಈ ಗಡಿಯಾರ ಗುಂಡಗಿಲ್ಲ," ಎಂದಳು ಬೋನಾ.

ಟಿ.ವಿ.ಯ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯನ್ನು ಅವಳು ಎಡಗೈಯಿಂದ ಹಿಂದಕ್ಕೆ ಸರಿಸಿದ್ದಳು. ಪರದೆಯ ಮೇಲೆ ಇಟಲಿಯ ಒಂದು ಮನೆಯ ಊಟದ ಕೋಣೆ ಅಲುಗಾಡದೆ ನಿಂತಿತ್ತು. ರಿಮೋಟಿನ ಗುಂಡಿ ಒತ್ತಿ ಅದನ್ನು ನಿಲ್ಲಿಸಿದವನು ಪರ್ವಾನ್. ಮೇಜಿನ ಹಿಂದಿನ ಗೋಡೆಯಲ್ಲೊಂದು ಗಡಿಯಾರ. ಬೋನಾ ಅದರ ಮೇಲೆ ಬೆರಳುಗಳನ್ನು ಜೋಡಿಸಿ ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ ಇಟ್ಟು ನೋಡಿದಳು.

"ಅಡ್ಡ ಮೂರು ಬೆರಳು, ಉದ್ದ ನಾಕು. ಇಂಥಾ ಗಡಿಯಾರ ಯಾವ ದೇಶದಲ್ಲಿ ಮಾಡ್ತಾರೋ?"

"ಅದನ್ನೇ ತಾನೆ ನಾನು ಬಡ್ಕೊಳ್ತಿರೋದು? ಟಿ.ವಿ. ಪೆಟ್ಟಿಗೆ ಹಳೇದು, ಚಿತ್ರ ಹೊಸ ಅಗಲದ್ದು. ಒತ್ತಿ ತುಂಬಿಸೋದು. ಅದರಲ್ಲಿ ಎಲ್ಲಾರೂ ಕಡ್ಡಿ ಹಂಗೇ ಕಾಣೋದು."

"ಹಂಗಾದ್ರೆ ಇದನ್ನ ನೋಡಿ ನಾನು ಕೋಟನ್ನ ಏನಂತ ಹೊಲೀಲಿ?"

"ನೋಡಿ ಹೊಲಿ ಅಂತ ಯಾರು ಹೇಳಿದ್ರು? ಅವಳೇ ಫೋನಲ್ಲಿ ಹೇಳಿದಾಳೆ, ಹಳೇ ಅಳತೆ ಅಂತ. ನಿನ್ನ ಪುಸ್ತಕದಲ್ಲಿ ಇದೆಯಲ್ಲ."

ಪುಸ್ತಕದಲ್ಲಿ ಇತ್ತು. ಪರ್ವಾನನ ಹೆಂಡತಿ ಇಲಿಂಕಾಳ ಎದೆ, ಸೊಂಟ, ತೋಳು ಮೂರೂ ಬೋನಾಳ ಸೊಟ್ಟ ಅಕ್ಷರದಲ್ಲಿದ್ದವು. ಇಲಿಂಕಾ ಇಟಲಿಗೆ ಹೋದದ್ದು ಎರಡು ವರ್ಷದ ಹಿಂದೆ, ದ್ರಾಕ್ಷಿ ಕೊಯ್ಲು ಮುಗಿದ ವಾರ. ಅಲ್ಲಿ ಒಬ್ಬ ಮುದುಕಿಯನ್ನು ಎತ್ತುವುದು, ಇಳಿಸುವುದು, ಉಣಿಸುವುದು ಅವಳ ಕೆಲಸ. ಬರುವ ಈಸ್ಟರಿಗೆ ಬರುತ್ತೇನೆ, ಪೆಟ್ಟಿಗೆಯಲ್ಲಿರುವ ನೀಲಿ ಉಣ್ಣೆ ಬಟ್ಟೆಯಲ್ಲಿ ಕೋಟು ಹೊಲಿಸಿಡು ಎಂದು ಗಂಡನಿಗೆ ಹೇಳಿದ್ದಳು. ಬೋನಾ ಬಟ್ಟೆ ಕತ್ತರಿಸಿ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆಯನ್ನೂ ಹಾಕಿದ್ದಳು. ಆದರೆ ಈ ಕ್ರಿಸ್ಮಸ್ಸಿಗೆ ಇಟಲಿಯಿಂದ ಬಂದ ವಿಡಿಯೋ ಡಿಸ್ಕನ್ನು ಪರ್ವಾನನ ಮನೆಯಲ್ಲಿ ನೋಡಿದಾಗಿನಿಂದ ಅವಳ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ.

"ಒಳ್ಳೇ ಬಟ್ಟೆ ಕಣೋ ಇದು. ಒಂದು ಸಲ ಗಟ್ಟಿ ಹೊಲಿದ್ರೆ ಬಿಚ್ಚಿದ ಕಡೆ ತೂತು ಉಳಿಯುತ್ತೆ. ರಂಗೆಲ್‌ನ ಕರೆಸು. ಚಿತ್ರ ಸರಿ ಮಾಡ್ಲಿ. ಒಂದೇ ಸಲ ನೋಡಿ ಹೋಗ್ತೀನಿ."

ರಂಗೆಲ್ ಸುತ್ತಲಿನ ಐದು ಊರಿನ ಟಿ.ವಿ. ರಿಪೇರಿಯವನು. ಮರುದಿನ ಮಧ್ಯಾಹ್ನ ಬಂದವನು ಬೂಟು ಬಿಚ್ಚುವ ಮೊದಲೇ ಶುರು ಮಾಡಿದ.

"ಏನಯ್ಯಾ ಪರ್ವಾನ್, ಆವತ್ತು ನನ್ನ ಕೊರಳಪಟ್ಟಿ ಹಿಡಿದಿದ್ದೆ. ಇವತ್ತು ಕಾಫಿ ಕೊಡ್ತೀಯಾ?"

ಹಿಂದಿನ ವರ್ಷ ಮೊದಲ ಡಿಸ್ಕ್ ಬಂದಾಗ ಪ್ಲೇಯರನ್ನು ಕೂರಿಸಿಕೊಟ್ಟವನು ಅವನೇ. ಆಗ ಚಿತ್ರ ಸರಿಯಾಗಿಯೇ ಇತ್ತು. ಆದರೆ ಪರದೆಯ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬಂದಿತ್ತು. ಪಟ್ಟಿಗಳ ನಡುವೆ ನಗುತ್ತಿದ್ದ ಹೆಂಡತಿಯನ್ನು ಕಂಡ ಪರ್ವಾನ್ ಎದ್ದು ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡಿದ್ದ. ಅವನ ಮನೆಯ ಗೇಟಿಗೆ, ಆ ಊರಿನ ರೂಢಿಯಂತೆ, ಸತ್ತವರ ಅಂಥದೇ ಎರಡು ಕಾಗದಗಳು ಅಂಟಿದ್ದವು, ಕಪ್ಪು ಅಂಚಿನ ನಡುವೆ ಒಂದರಲ್ಲಿ ತಾಯಿಯ ಮುಖ, ಇನ್ನೊಂದರಲ್ಲಿ ಅಣ್ಣನದು. ಸತ್ತ ದಿನ ಬಂದಾಗಲೆಲ್ಲ ಹೊಸದು ಅಂಟಿಸುತ್ತಿದ್ದ. "ಬದುಕಿದಾಳಯ್ಯ ಅವಳು! ಗೇಟಿಗೆ ಅಂಟಿಸೋ ಕಾಗದ ಮಾಡಿಬಿಟ್ಟೆಯಲ್ಲೋ!" ಎಂದು ಕೂಗಾಡಿದ್ದ. ರಂಗೆಲ್ ಗಾಬರಿಯಾಗಿ ಪ್ಲೇಯರಿನಲ್ಲಿ ಏನನ್ನೋ ಬದಲಿಸಿದ್ದ. ಪಟ್ಟಿಗಳು ಹೋದವು, ಪರದೆ ತುಂಬಿತು, ಜನ ಉದ್ದವಾದರು. ಆಮೇಲೆ ಹೆಂಡದಂಗಡಿಯಲ್ಲಿ, ಇಟಲಿಯವರು ನಿನ್ನ ಹೆಂಡತೀನ ಹಿಟ್ಟಿನ ಹಾಗೆ ನಾದಿ ಎಳೆದಿದ್ದಾರೆ ಎಂದು ಯಾರೋ ಹಾಸ್ಯ ಮಾಡಿದಾಗ ಪರ್ವಾನನೂ ನಕ್ಕಿದ್ದ.

"ಪಟ್ಟಿ ಬೇಡ," ಎಂದ ಅವನು ಈಗಲೂ. "ಪಟ್ಟಿ ಇಲ್ದೆ ಸರಿ ಮಾಡು."

"ಅದಕ್ಕೂ ಒಂದು ದಾರಿ ಇದೆ. ಅಕ್ಕಪಕ್ಕ ಕತ್ತರಿಸಿ ಬಿಸಾಕೋದು."

ರಂಗೆಲ್ ಕೆಳಗೆ ಕೂತು ಗುಂಡಿ ಒತ್ತಿದ. ಗಡಿಯಾರ ಅಡ್ಡಕ್ಕೆ ಹಿಗ್ಗಿ ಗುಂಡಗಾಯಿತು. ಮೇಜಿನ ನಡುವೆ ಕೂತಿದ್ದ ಮುದುಕಿಗೆ ಗಲ್ಲ ಬಂತು, ಅವಳ ಮಗನಿಗೆ ಹೊಟ್ಟೆ ಬಂತು. ಆದರೆ ಇಲಿಂಕಾ ಇರಲಿಲ್ಲ. ಅವಳು ಯಾವಾಗಲೂ ಮೇಜಿನ ಬಲತುದಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಹತ್ತಿರ ಕೂರುವವಳು. ಪರದೆಯ ಅಂಚಿನಿಂದ ಸೌಟು ಹಿಡಿದ ಒಂದು ಕೈ ಬಂತು, ಮುದುಕಿಯ ಬಟ್ಟಲಿಗೆ ಸೂಪು ಬಡಿಸಿತು, ಹಿಂದಕ್ಕೆ ಹೋಯಿತು.

"ಕೈಯಾದ್ರೂ ಬಂತಲ್ಲ ಮಾರಾಯ," ಎಂದ ರಂಗೆಲ್. ಕೈ ಮತ್ತೆ ಬಂದು ರೊಟ್ಟಿಯ ಬುಟ್ಟಿಯನ್ನು ಸರಿಸಿ ಹೋಯಿತು.

"ಪಟ್ಟಿನೇ ಹಾಕಪ್ಪ," ಎಂದಳು ಬೋನಾ. "ಒಂದು ನಿಮಿಷ. ಅಳತೆಗೆ."

ಪರ್ವಾನ್ ಎದ್ದು ಒಲೆಯ ಹತ್ತಿರ ಹೋದ. ರಂಗೆಲ್ ಅವನ ಮುಖ ನೋಡಿ, ಕಾದು, ಗುಂಡಿ ಒತ್ತಿದ.

ಮೇಲೆ ಕೆಳಗೆ ಕಪ್ಪು ಬಂತು. ನಡುವೆ ಇಡೀ ಮೇಜು ಬಂತು. ಬೋನಾ ಗಡಿಯಾರಕ್ಕೆ ಬೆರಳಿಟ್ಟಳು: ಅಡ್ಡ ಮೂರು, ಉದ್ದ ಮೂರು. ಮುದುಕಿ ದುಂಡಗಿದ್ದಳು, ಮಗ ದುಂಡಗಿದ್ದ, ಸೊಸೆಯ ತೋಳುಗಳೂ ತುಂಬಿಕೊಂಡಿದ್ದವು. ಬಲತುದಿಯಲ್ಲಿ ಇಲಿಂಕಾ ಕೂತಿದ್ದಳು. ಎಲ್ಲರ ಹಾಗೆ ಅವಳೂ ಗಿಡ್ಡವಾಗಿದ್ದಳು, ದುಂಡಗಾಗಿರಲಿಲ್ಲ. ಕುತ್ತಿಗೆಯ ಎರಡೂ ಕಡೆ ಹಳ್ಳ ಬಿದ್ದಿತ್ತು. ಅವಳು ತೊಟ್ಟಿದ್ದ ಕಂದು ಅಂಗಿ ಇದೇ ಊರಿನಲ್ಲಿ, ಇದೇ ಬೋನಾಳ ಕೈಯಲ್ಲಿ ಹೊಲಿದದ್ದು. ಅದರ ಭುಜದ ಹೊಲಿಗೆ ಜಾರಿ ಮೊಣಕೈಗೆ ಅರ್ಧ ದಾರಿಯವರೆಗೆ ಇಳಿದಿತ್ತು.

ಬೋನಾ ಗಾಜಿನಿಂದ ಕೈ ತೆಗೆದಳು.

"ಅಳತೆ ತಗೊಂಡೆಯಾ?" ಎಂದ ಪರ್ವಾನ್. ಅವನು ಟಿ.ವಿ.ಯ ಕಡೆ ನೋಡದೆ ಒಲೆಗೆ ಕಟ್ಟಿಗೆ ತುರುಕುತ್ತಿದ್ದ.

"ಬರ್ತೀನಿ ಕಣೋ," ಎಂದಳು ಅವಳು.

"ರಂಗೆಲ್, ಮೊದಲಿನ ಹಾಗೆ ಮಾಡು. ಹೆಂಗಿತ್ತೋ ಹಂಗೆ."

ರಂಗೆಲ್ ಮಾಡಿದ. ಗಡಿಯಾರ ಮತ್ತೆ ಮೊಟ್ಟೆಯಾಯಿತು. ಕಾಫಿ ಕುಡಿಯದೆ, ತಮಾಷೆಯೊಂದನ್ನೂ ಹೇಳದೆ, ಬೂಟಿನ ದಾರ ಕಟ್ಟಿಕೊಂಡು ಬೋನಾಳ ಹಿಂದೆಯೇ ಹೋದ.

ಇಬ್ಬರೂ ಗೇಟು ದಾಟಿದ ಮೇಲೆ ಪರ್ವಾನ್ ಕುರ್ಚಿಯನ್ನು ಮುಂದಕ್ಕೆ ಎಳೆದು ಕೂತ. ಪಟ್ಟಿಗಳಿರಲಿಲ್ಲ. ಎಲ್ಲರೂ ಒಂದೇ ಸಮ ಉದ್ದಕ್ಕೆ, ಸಣ್ಣಗೆ ಇದ್ದರು. ಮೊದಲ ಡಿಸ್ಕಿನಿಂದಲೂ ಅವನು ನೋಡುತ್ತ ಬಂದ ರೀತಿಯೇ. ಸ್ವಲ್ಪ ಹೊತ್ತು ಹಾಗೇ ನೋಡಿದ. ಆಮೇಲೆ ಎದ್ದು ಕಪಾಟಿನಿಂದ ಮೊದಲ ವರ್ಷದ ಡಿಸ್ಕ್ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಾಕಿದ.

ಅದೇ ಕೋಣೆ. ಅದೇ ಗಡಿಯಾರ, ಅಡ್ಡ ಮೂರು ಉದ್ದ ನಾಲ್ಕು. ಅದೇ ತುದಿಯಲ್ಲಿ ಇಲಿಂಕಾ. ಅದೇ ಕಂದು ಅಂಗಿ ಎದೆಯ ಮೇಲೆ ಬಿಗಿದು, ಎರಡು ಗುಂಡಿಗಳ ನಡುವೆ ಬಾಯಿ ಬಿಟ್ಟಿತ್ತು. ಒತ್ತಿ ತುಂಬಿಸಿದ ಆ ಚಿತ್ರದಲ್ಲೂ ಅವಳ ಕೆನ್ನೆ ಕೆನ್ನೆಯಾಗಿಯೇ ಇತ್ತು.

ಪರ್ವಾನ್ ಎರಡು ಡಿಸ್ಕುಗಳನ್ನೂ ಒಂದಾದ ಮೇಲೊಂದು ಹಾಕಿ ತೆಗೆದ. ಮೂರನೆಯ ಸಲ ಹಾಕಲಿಲ್ಲ.

ಭಾನುವಾರ ಚರ್ಚಿನಿಂದ ಜನ ಮನೆಗೆ ಮರಳುವ ಹೊತ್ತಿಗೆ ಅವಳ ಫೋನು ಬಂತು.

"ದ್ರಾಕ್ಷಿ ಬಳ್ಳಿ ಸವರಿದೆಯಾ?"

"ಕೆಳಗಿನ ಸಾಲು ಉಳಿದಿದೆ."

"ಅದಕ್ಕೆ ಇನ್ನೂ ಎಷ್ಟು ದಿನ ಬೇಕೋ ಸೋಮಾರಿ? ಕೋಟು ಆಯ್ತಾ?"

"ಬೋನಾ ಹೊಲೀತಿದಾಳೆ."

"ಹಳೇ ಅಳತೆಗೆ ತಾನೆ?"

ಪರ್ವಾನ್ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ. ಯಾಕೆ ಹೀಗೆ ಸೊರಗಿದೀಯ ಎಂದು ಕೇಳಲು ಮೂರು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದ.

"ಹ್ಞೂಂ. ಹಳೇ ಅಳತೆಗೇ."

"ಒಳ್ಳೇದಾಯ್ತು," ಎಂದಳು ಅವಳು. "ಊರಿಗೆ ಬರೋ ವ್ಯಾನಿನವನಿಗೆ ನಂಗೊಬ್ಬಳಿಗೇ ಎರಡು ಸೀಟು ಹೇಳಿದೀನಿ. ದಾರೀಲಿ ಮಲಗಿಕೊಂಡು ಬರೋಣ ಅಂತ."

ಇಟಲಿಗೆ ಹೋಗುವಾಗ ಅವಳು ಒಂದು ಹಗಲು ಒಂದು ರಾತ್ರಿ ಮಡಿಲಲ್ಲಿ ಉಪ್ಪಿನಕಾಯಿ ಜಾಡಿ ಇಟ್ಟುಕೊಂಡು ನೆಟ್ಟಗೆ ಕೂತೇ ಹೋಗಿದ್ದಳು.

"ಒಳ್ಳೇದು ಮಾಡಿದೆ," ಎಂದ ಪರ್ವಾನ್. "ಮಲಗಿಕೊಂಡೇ ಬಾ."

ಸೋಮವಾರ ಬೆಳಿಗ್ಗೆ ಅವನು ಬೋನಾಳ ಮನೆಗೆ ಹೋದ. ನೀಲಿ ಕೋಟು ಕಿಟಕಿಯ ಬಳಿ ಹೊಲಿಗೆಯ ಬೊಂಬೆಯ ಮೇಲಿತ್ತು, ಬಿಳಿ ದಾರದ ಉದ್ದುದ್ದ ಹೊಲಿಗೆಗಳ ಸಮೇತ. ಬೋನಾ ಅದನ್ನು ಮುಟ್ಟಿಯೇ ಇರಲಿಲ್ಲ. ಪರ್ವಾನ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಕೋಟನ್ನ ಸಣ್ಣ ಮಾಡು, ಅವಳಿಗೆ ಗೊತ್ತಾಗಬಾರದು. ಹಳೇ ಅಳತೆಗೇ ಹೊಲಿದದ್ದು ಅಂತಲೇ ಹೇಳು."

"ಹೇಳ್ತೀನಿ. ಎಷ್ಟು ಒಳಗೆ ಹಿಡೀಲಿ?"

ಅವನು ಟೋಪಿಯನ್ನು ಕುರ್ಚಿಯ ಮೇಲಿಟ್ಟ. ಬೊಂಬೆಯ ಮೇಲಿಂದ ಕೋಟನ್ನು ಬಿಡಿಸಿ ಮೇಜಿನ ಮೇಲೆ ಹರವಿ, ಪಕ್ಕದ ಹೊಲಿಗೆಯ ಹತ್ತಿರ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದ. ಬೋನಾ ಗುಂಡುಸೂಜಿ ಚುಚ್ಚಲು ಬಂದಳು. ಅವನು ಬಿಟ್ಟು, ಇನ್ನೂ ಒಳಗೆ ಹಿಡಿದ.

"ಇಷ್ಟಾ?"

"ಇನ್ನೊಂದು ಚೂರು."

ಅವಳು ಸೂಜಿ ಚುಚ್ಚಿದಳು. ಇನ್ನೊಂದು ಪಕ್ಕಕ್ಕೂ ಚುಚ್ಚಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಬಿಳಿ ದಾರವನ್ನು ಒಂದೊಂದಾಗಿ ಎಳೆದು, ಹೊಸದಾಗಿ ಕಚ್ಚಾ ಹಾಕತೊಡಗಿದಳು. ಪರ್ವಾನ್ ಕೂತೇ ಇದ್ದ. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯಿತು.

ಮುಗಿದ ಮೇಲೆ ಬೋನಾ ಕೋಟನ್ನು ಅಭ್ಯಾಸದಂತೆ ಬೊಂಬೆಗೆ ತೊಡಿಸಲು ಹೋದಳು. ಅದು ಬೊಂಬೆಯ ಮೈಗೆ ಏರಲಿಲ್ಲ. ಅವಳು ಅದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಪಕ್ಕದ ಮೊಳೆಯಲ್ಲಿ ಶಾಲೆಗೆ ಹೋಗುವ ಯಾವುದೋ ಹುಡುಗಿಯ ಉಡುಪು ಇತ್ತು. ಎರಡರ ಸೊಂಟವೂ ಒಂದೇ ಅಗಲವಿತ್ತು.