ಟೇಪು ಮಾವನ ಬೀಗ

ಆಫೀಸಿನ ಕಂಪ್ಯೂಟರುಗಳಲ್ಲಿದ್ದುದನ್ನೆಲ್ಲ ದಿನವೂ ಟೇಪಿಗೆ ನಕಲು ಮಾಡಿಸಿಡುವ ಕೆಲಸ ಟೇಪು ಮಾವನದು. ಐದು ದಿನಕ್ಕೆ ಐದು ಟೇಪು. ಹೆತ್ತ ಮಕ್ಕಳಿಗಿಂತ ಹೆಚ್ಚು ಜೋಪಾನ. ಯಾರೂ ಅಳಿಸಬಾರದೆಂದು, ಟೇಪು ಹೊಸದಾಗಿ ಬಂದ ದಿನವೇ ಅದರ ಅಂಚಿನ ಪುಟ್ಟ ಗುಂಡಿಯನ್ನು ಸರಿಸಿ ಬೀಗ ಹಾಕಿಬಿಟ್ಟಿದ್ದರು. ಅಂದಿನಿಂದ ಪರದೆಯ ಮೇಲೆ ದಿನವೂ ಕೆಂಪಕ್ಷರದ ಎಚ್ಚರಿಕೆ. "ಇದರದ್ದು ಇದ್ದದ್ದೇ ಗೋಳು" ಎಂದು ಗೊಣಗಿ ಓಕೆ ಒತ್ತುತ್ತಿದ್ದರು.

ಒಂದು ಮಧ್ಯಾಹ್ನ ಸರ್ವರ್ ಕೈಕೊಟ್ಟಿತು. ಮಾವ ಗತ್ತಿನಿಂದ ಬೀರು ತೆರೆದು ಟೇಪು ಹಾಕಿದರು. ಖಾಲಿ. ಇನ್ನೊಂದೂ ಖಾಲಿ. ಐದೂ ಖಾಲಿ.

ಮ್ಯಾನೇಜರಮ್ಮ ಟೇಪನ್ನು ತಿರುಗಿಸಿ ನೋಡಿ ತಲೆ ಚಚ್ಚಿಕೊಂಡರು. "ಮೊದಲೇ ಬೀಗ ಹಾಕಿಬಿಟ್ರೆ ಅದರಲ್ಲಿ ಬರೆಯೋದು ಹೇಗ್ರೀ?"

"ಅದು ಗೊತ್ತಿಲ್ಲ ಮೇಡಂ," ಮಾವ ಎದೆಯುಬ್ಬಿಸಿದರು. "ಆದ್ರೆ ಮೂರು ವರ್ಷದಲ್ಲಿ ಒಂದಕ್ಷರ ಅಳಿಸೋಕೆ ಯಾರಿಗೂ ಬಿಟ್ಟಿಲ್ಲ!"